ಬಂಡೆ ನಾಡಿನ ಮೇಜಿಗೆ ಮೂರು ದ್ರಾಕ್ಷಿ

ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಇಲ್ಲಿಯ ಪೇಟೆ ಧಾರಣೆಯನ್ನೂ ಬರೆದಿಟ್ಟಿದ್ದಾನೆ. ಒಂದು ಪಣಕ್ಕೆ ಮೂರು ಗೊಂಚಲು ದ್ರಾಕ್ಷಿ, ಅದೇ ಪಣಕ್ಕೆ ಹತ್ತು ದಾಳಿಂಬೆ. ಐನೂರು ವರ್ಷಗಳ ಹಿಂದೆಯೇ ತುಂಗಭದ್ರೆಯ ದಂಡೆಯ ಜನ ದ್ರಾಕ್ಷಿ ತಿನ್ನುತ್ತಿದ್ದರು. ಅದರ ವೈನನ್ನು ಮೇಜಿನ ಮೇಲಿಟ್ಟು, ಮೂಸಿ, ಹೋಲಿಸಿ, ಮಾತಾಡುವ ರೂಢಿ ಮಾತ್ರ ಈಚಿನದು. ನದಿಯಾಚೆ ಕೊಪ್ಪಳ ಜಿಲ್ಲೆಯಲ್ಲಿ ಚಿಗುರುಪಾಟಿ ಕೃಷ್ಣಪ್ರಸಾದ್ ಮತ್ತು ಉಮಾ ದಂಪತಿ ಕಟ್ಟಿದ ಕೆಆರ್‌ಎಸ್‌ಎಂಎ ಎಸ್ಟೇಟ್ಸ್ ತನ್ನ ಸೀಸೆಗಳ ಮೇಲೆ ‘ಹಂಪಿ ಹಿಲ್ಸ್’ ಎಂದು ಊರಿನ ಹೆಸರು ಹಾಕಿಕೊಂಡು ಕ್ಯಾಬರ್ನೆ ಸೋವಿನ್ಯೊ, ಸಾಂಜೊವೇಸೆ, ಸಿರಾ ವೈನ್‌ಗಳನ್ನು ತಯಾರಿಸುತ್ತಿದೆ.

ಹೊಸಪೇಟೆ, ಸಂಡೂರು, ಕಂಪ್ಲಿ ಕಡೆ ಯಾರಾದರೂ ಗೆಳೆಯರನ್ನು ಕರೆದು ಕೆಂಪು ವೈನ್‌ಗಳ ರುಚಿ ನೋಡುವ ಕೂಟ ಮಾಡುವುದಾದರೆ ನಾನು ಕ್ಯಾಬರ್ನೆಯಿಂದ ಶುರು ಮಾಡಿ ಎನ್ನುವುದಿಲ್ಲ. ಗ್ರೆನಾಶ್, ಶಿರಾಜ್, ಮೂರ್ವೆದ್ರ್ ಈ ಮೂರು ದ್ರಾಕ್ಷಿಗಳ ಮಿಶ್ರಣ ತನ್ನಿ ಎನ್ನುತ್ತೇನೆ. ಮೂರೂ ಬಿಸಿಲ ನಾಡಿನವು. ಫ್ರಾನ್ಸಿನ ದಕ್ಷಿಣ ರೋನ್ ಕಣಿವೆಯ ಶಾತೋನೆಫ್ ದ್ಯು ಪಾಪ್ ಊರಿನ ಹಲವು ತೋಟಗಳಲ್ಲಿ ಮಣ್ಣೇ ಕಾಣದಷ್ಟು ಗುಂಡುಕಲ್ಲು ಹರಡಿರುತ್ತವೆ. ಹಗಲೆಲ್ಲ ಕಾದ ಆ ಕಲ್ಲು ರಾತ್ರಿ ಬಳ್ಳಿಗೆ ಕಾವು ಕೊಡುತ್ತದೆ. ಮೇ ತಿಂಗಳ ರಾತ್ರಿ ಒಂಬತ್ತಕ್ಕೂ ಆನೆಗೊಂದಿಯ ಬಂಡೆಗೆ ಬೆನ್ನು ಕೊಟ್ಟು ಕೂರಲಾಗದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸೀಸೆ ಆರಿಸುವವರು ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಈ ಮೂರರಲ್ಲಿ ಯಾವುದು ಮುಂದಾಳು? ಹಿಂಬದಿಯ ಚೀಟಿಯಲ್ಲಿ ಶೇಕಡಾವಾರು ಬರೆದಿದ್ದರೆ ಅದನ್ನೇ ಓದಿ. ಬೆಲೆ, ಪದಕ, ಅಂಕಗಳಿಗಿಂತ ಅದು ಹೆಚ್ಚು ಹೇಳುತ್ತದೆ.

ಗ್ರೆನಾಶ್ ಸ್ಪೇನ್ ಮೂಲದ್ದು, ಅಲ್ಲಿ ಗಾರ್ನಾಚ. ಸಿಪ್ಪೆ ತೆಳು, ಬಣ್ಣ ತಿಳಿ. ಬರಗಾಲ ತಡೆಯುವ ಗಟ್ಟಿ ಬಳ್ಳಿ. ಹಣ್ಣಿನಲ್ಲಿ ಸಕ್ಕರೆ ಬೇಗ ಏರುವುದರಿಂದ ವೈನಿನ ಆಲ್ಕೋಹಾಲ್ ಶೇ 14.5, ಕೆಲವೊಮ್ಮೆ 15 ದಾಟುತ್ತದೆ. ಒಗರು ಕಡಿಮೆ, ಹಣ್ಣಿನ ಸಿಹಿಗಂಧ ಹೆಚ್ಚು. ಗಾಳಿ ತಗಲಿದರೆ ಬೇಗ ಬಾಡುವುದು ಇದರ ದೌರ್ಬಲ್ಯ. ಆ ಕೊರತೆಯನ್ನು ತುಂಬುವುದು ಮೂರ್ವೆದ್ರ್. ದಪ್ಪ ಸಿಪ್ಪೆ, ದಟ್ಟ ಒಗರು, ಗಾಳಿಗೆ ಜಗ್ಗದ ಗುಣ. ತೊಗಲಿನ, ಬೇಟೆ ಮಾಂಸದ ವಾಸನೆ ಹೊಡೆಯುತ್ತದೆ ಎಂದು ಕೆಲವರು ಮೂಗು ಮುರಿಯುತ್ತಾರೆ. ನನಗೆ ಅದೇ ಇಷ್ಟ. ಸ್ಪೇನಿನಲ್ಲಿ ಇದಕ್ಕೆ ಮೊನಾಸ್ಟ್ರೆಲ್, ಆಸ್ಟ್ರೇಲಿಯಾದ ಹಳೆಯ ತೋಟಗಳಲ್ಲಿ ಮಟಾರೊ ಎಂಬ ಹೆಸರು. ಅಂಗಡಿಯಲ್ಲಿ ಈ ಹೆಸರುಗಳು ಕಂಡರೆ ಬೇರೆ ದ್ರಾಕ್ಷಿ ಎಂದುಕೊಂಡು ಕೆಳಗಿಡಬೇಡಿ.

ಶಿರಾಜ್ ಎಂದರೂ ಸಿರಾ ಎಂದರೂ ಒಂದೇ. ಇರಾನಿನ ಶಿರಾಜ್ ಪಟ್ಟಣದಿಂದ ಬಂತೆಂಬ ಕಥೆ ಬಹಳ ಕಾಲ ನಡೆಯಿತು. ಅದು ಆಗ್ನೇಯ ಫ್ರಾನ್ಸಿನ ದ್ಯುರೇಝಾ ಮತ್ತು ಮೊಂದೂಸ್ ಬ್ಲಾಂಶ್ ಎಂಬೆರಡು ತಳಿಗಳ ಕೂಸು ಎಂಬುದನ್ನು ಡಿಎನ್‌ಎ ಪರೀಕ್ಷೆ ತೋರಿಸಿದೆ. ಇದರ ಗುರುತು ಕಾಳುಮೆಣಸಿನ ಗಮಲು. ಅದಕ್ಕೆ ಕಾರಣ ರೊಟಂಡೋನ್ ಎಂಬ ವಸ್ತು ಎಂದು ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ಪ್ರಕಟಿಸಿದರು. ನಮ್ಮ ಮಲೆನಾಡಿನ ಮೆಣಸಿನ ಗಮಲೂ ಇದೇ ವಸ್ತುವಿನದು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದ ನಾಡಿನವರಾದ ನಾವು ಗ್ಲಾಸಿನಲ್ಲಿ ಈ ವಾಸನೆಯನ್ನು ತಟ್ಟನೆ ಹಿಡಿಯುತ್ತೇವೆ. ಆದರೆ ಸುಮಾರು ಐವರಲ್ಲಿ ಒಬ್ಬರ ಮೂಗಿಗೆ ರೊಟಂಡೋನ್ ತಾಕುವುದೇ ಇಲ್ಲ ಎಂಬುದೂ ಅದೇ ಸಂಶೋಧನೆಯಲ್ಲಿ ಗೊತ್ತಾಯಿತು. ಹಾಗಾಗಿ ಕೂಟದಲ್ಲಿ ಯಾರಾದರೂ “ಮೆಣಸೆಲ್ಲಿದೆ?” ಎಂದರೆ ಅವರನ್ನು ಛೇಡಿಸಬೇಡಿ. ಅವರು ಹೇಳುವುದು ನಿಜ.

ಆರು ಸೀಸೆಗಿಂತ ಹೆಚ್ಚು ಬೇಡ. ಏಳನೆಯದಕ್ಕೆ ನಾಲಿಗೆ ದಣಿದಿರುತ್ತದೆ. ಮೊದಲೆರಡು ಗ್ರೆನಾಶ್ ಮುಂದಾಳಾಗಿರುವವು. ಜಿಗೊಂಡಾಸ್ ಎಂಬ ಊರಿನ ಕೆಂಪು ವೈನ್‌ನಲ್ಲಿ ಗ್ರೆನಾಶ್ ಅರ್ಧಕ್ಕಿಂತ ಕಡಿಮೆ ಇರಬಾರದೆಂಬ ಕಟ್ಟಳೆಯಿದೆ, ಅದು ಭರವಸೆಯ ಆಯ್ಕೆ. ಕೈಗೆಟುಕದಿದ್ದರೆ ಸಾದಾ ಕೋತ್ ದ್ಯು ರೋನ್ ಸಾಕು. ಶಾತೋನೆಫ್ ಹೆಸರು ದೊಡ್ಡದು, ಹಳೆಯ ಲೆಕ್ಕದಲ್ಲಿ 13 ತಳಿಗಳಿಗೆ ಅಲ್ಲಿ ಅವಕಾಶವಿದೆ. ಆದರೆ ಮೊದಲ ಕೂಟಕ್ಕೆ ಅಷ್ಟು ದುಡ್ಡು ಸುರಿಯುವುದು ನನಗೆ ಒಪ್ಪಿಗೆಯಿಲ್ಲ. ನಡುವಿನ ಎರಡು ಶಿರಾಜ್ ಮುಂದಿರುವವು, ಅವಕ್ಕೆ ಆಸ್ಟ್ರೇಲಿಯಾಕ್ಕೆ ಹೋಗಿ. ಜೇಮ್ಸ್ ಬಸ್ಬಿ 1832ರಲ್ಲಿ ಯುರೋಪಿನಿಂದ ಬಳ್ಳಿಯ ಕಡ್ಡಿಗಳನ್ನು ಹೊತ್ತು ತಂದ ದೇಶವದು. ಅಲ್ಲಿಯ ಬರೋಸಾ ಕಣಿವೆಯಲ್ಲಿ 1840, 50ರ ದಶಕಗಳಲ್ಲಿ ನೆಟ್ಟ ಬಳ್ಳಿಗಳು ಇಂದಿಗೂ ಹಣ್ಣು ಬಿಡುತ್ತಿವೆ. ಈ ಮೂರು ದ್ರಾಕ್ಷಿಗಳ ಹೆಸರಿನಿಂದ ಹೆಕ್ಕಿದ ಜಿಎಸ್‌ಎಂ ಎಂಬ ಮೂರಕ್ಷರ ಚೀಟಿಯ ಮೇಲೆ ಕಾಣುವುದೂ ಹೆಚ್ಚಾಗಿ ಅವರ ಸೀಸೆಗಳಲ್ಲೇ. 2022ರ ಡಿಸೆಂಬರ್ 29ರಂದು ಜಾರಿಗೆ ಬಂದ ಭಾರತ–ಆಸ್ಟ್ರೇಲಿಯಾ ವ್ಯಾಪಾರ ಒಪ್ಪಂದದಲ್ಲಿ ಐದು ಡಾಲರಿಗೆ ಮೇಲ್ಪಟ್ಟ ಸೀಸೆಯ ಆಮದು ಸುಂಕ ಶೇ 150ರಿಂದ 100ಕ್ಕೆ, ಹದಿನೈದು ಡಾಲರಿಗೆ ಮೇಲ್ಪಟ್ಟದ್ದರದು 75ಕ್ಕೆ ಇಳಿದು, ಹತ್ತು ವರ್ಷಗಳಲ್ಲಿ ಇನ್ನೂ ಇಳಿಯುವ ಏರ್ಪಾಟಿದೆ. ಕೊನೆಯ ಎರಡು ಸೀಸೆಗಳಲ್ಲಿ ಒಂದು ದಕ್ಷಿಣ ಫ್ರಾನ್ಸಿನ ಬಂದೋಲ್ ಊರಿನದಾಗಿರಲಿ. ಮೂರ್ವೆದ್ರ್ ಕನಿಷ್ಠ ಅರ್ಧ, ಮರದ ಪೀಪಾಯಿಯಲ್ಲಿ ಕನಿಷ್ಠ 18 ತಿಂಗಳು, ಇದು ಅಲ್ಲಿಯ ಕೆಂಪು ವೈನಿನ ನಿಯಮ. ಇನ್ನೊಂದು ನಮ್ಮ ಹಂಪಿ ಹಿಲ್ಸ್‌ನ ಸಿರಾ. ಅದು ಮಿಶ್ರಣವಲ್ಲ, ಒಂಟಿ ತಳಿ. ಅದಕ್ಕೇ ಬೇಕು: ಐದು ಮಿಶ್ರಣಗಳ ನಂತರ ಶಿರಾಜ್ ಒಂದೇ ನಿಂತಾಗ ಹೇಗಿರುತ್ತದೆ, ಅದೂ ನಮ್ಮ ನೆಲದಲ್ಲಿ ಬೆಳೆದದ್ದು, ಎಂಬುದು ಆಗ ತಿಳಿಯುತ್ತದೆ.

ಅಂಗಡಿಯಲ್ಲಿ ಕಣ್ಣು ತೆರೆದಿರಬೇಕು. ಬಳ್ಳಾರಿ ಸೀಮೆಯ ಬೇಸಿಗೆ ನಲವತ್ತು ಡಿಗ್ರಿ ಮುಟ್ಟುತ್ತದೆ. ಲಾರಿಯಲ್ಲಿ, ಗೋದಾಮಿನಲ್ಲಿ, ಟ್ಯೂಬ್‌ಲೈಟಿನ ಕೆಳಗೆ ತಿಂಗಳುಗಟ್ಟಲೆ ಕಾದ ವೈನ್ ಬೆಂದ ಹಣ್ಣಿನ ರುಚಿಗೆ ತಿರುಗಿರುತ್ತದೆ. ಬಿರಟೆ ಸೀಸೆಯ ಬಾಯಿಂದ ಒಂದಿಷ್ಟು ಮೇಲೆದ್ದಿದ್ದರೆ, ಹೊದಿಕೆಯ ಅಂಚಿನಲ್ಲಿ ಅಂಟು ಜಿನುಗಿದ್ದರೆ ಬಿಟ್ಟುಬಿಡಿ. ತಿರುಪಿನ ಮುಚ್ಚಳ ಅಗ್ಗದ ವೈನಿನ ಲಕ್ಷಣ ಎಂಬ ಭಾವನೆ ನಮ್ಮಲ್ಲಿನ್ನೂ ಇದೆ. ಆಸ್ಟ್ರೇಲಿಯಾದ ಒಳ್ಳೊಳ್ಳೆಯ ಸೀಸೆಗಳಿಗೂ ಅದೇ ಮುಚ್ಚಳ.

ಇನ್ನು ಕೆಂಪು ವೈನನ್ನು ಕೋಣೆಯ ಬಿಸಿಯಲ್ಲೇ ಕುಡಿಯಬೇಕೆನ್ನುವ ಮಾತು. ಅದು ಯುರೋಪಿನ ತಣ್ಣನೆಯ ಕೋಣೆಗೆ ಹೇಳಿದ್ದು. ಹೊಸಪೇಟೆಯ ಮೂವತ್ತೈದು ಡಿಗ್ರಿಯ ಕೋಣೆಯಲ್ಲಿ ಶೇ 15 ಆಲ್ಕೋಹಾಲಿನ ಗ್ರೆನಾಶ್ ಮೂಗನ್ನೇ ಸುಡುತ್ತದೆ, ಹಣ್ಣಿನ ಗಂಧ ಅದರಡಿ ಮುಚ್ಚಿಹೋಗುತ್ತದೆ. ಹದಿನಾರು, ಹದಿನೇಳು ಡಿಗ್ರಿ ಹಿತ. ಬಡಿಸುವ ಮೊದಲು ಅಷ್ಟು ತಣಿಯುವವರೆಗೆ ಫ್ರಿಜ್ಜಿನಲ್ಲಿಡಿ. ಸಂಕೋಚಪಡುವ ಅಗತ್ಯವಿಲ್ಲ. ಸೀಸೆಗಳಿಗೆ ಹಾಳೆ ಸುತ್ತಿ ನಂಬರು ಹಾಕಿ. ತಲೆಗೆ 50 ಮಿಲಿಲೀಟರಿನಂತೆ ಸುರಿದರೆ 750 ಮಿಲಿಲೀಟರಿನ ಸೀಸೆ ಹದಿನೈದು ಮಂದಿಗೆ ಬರುತ್ತದೆ. ಉಗುಳಲು ಪಾತ್ರೆ ಇಡಿ. ಆರೂ ಗ್ಲಾಸನ್ನು ನುಂಗುವವರು ಆರನೆಯದರ ರುಚಿ ಹೇಳಲಾರರು. ಹಂಪಿಯ ಊರೊಳಗೆ ಮದ್ಯ, ಮಾಂಸ ಸಲ್ಲದು. ವಿರೂಪಾಕ್ಷನ ಊರಿನ ಆ ಕಟ್ಟನ್ನು ಗೌರವಿಸಿ, ಕೂಟವನ್ನು ಹೊಸಪೇಟೆಯಲ್ಲೋ ಕಮಲಾಪುರದಲ್ಲೋ ಇಟ್ಟುಕೊಳ್ಳಿ.

ಊಟದ ವಿಚಾರದಲ್ಲಿ ಈ ಮೂರರ ಮಿಶ್ರಣ ನಮ್ಮವರಿಗೆ ಒಗ್ಗುತ್ತದೆಂದು ಧೈರ್ಯವಾಗಿ ಹೇಳುತ್ತೇನೆ, ಒಂದು ಎಚ್ಚರಿಕೆಯೊಂದಿಗೆ. ಆಲ್ಕೋಹಾಲ್ ಮೆಣಸಿನಕಾಯಿಯ ಉರಿಯನ್ನು ಹೆಚ್ಚಿಸುತ್ತದೆ, ಖಾರದ ಬಾಯಿಗೆ ಒಗರು ಇನ್ನೂ ಒರಟಾಗುತ್ತದೆ. ಮಂಡಕ್ಕಿ ಮಿರ್ಚಿಯ ಜೊತೆ ಬಂದೋಲ್ ಸುರಿದರೆ ಎರಡೂ ಕೆಡುತ್ತವೆ. ಶೇಂಗಾ, ಎಳ್ಳು ರುಬ್ಬಿ ಹಾಕಿದ ಬದನೆ ಎಣ್ಣೆಗಾಯಿಗೆ ಒಗರು ಕಡಿಮೆಯ ಗ್ರೆನಾಶ್ ಸೊಗಸಾಗಿ ಕೂರುತ್ತದೆ. ಮೆಣಸು ಮುಂದಾದ ಮಟನ್ ಸುಕ್ಕಾಕ್ಕೆ ಶಿರಾಜ್. ಖಾರ ತಗ್ಗಿಸಿ ನಿಧಾನವಾಗಿ ಬೇಯಿಸಿದ ಕುರಿ ಕಾಲಿಗೆ, ಜೋಳದ ರೊಟ್ಟಿಯೊಂದಿಗೆ, ಮೂರ್ವೆದ್ರ್. ಸಿಹಿ ಏನೂ ಬೇಡ.

ಈ ದ್ರಾಕ್ಷಿಗಳು ಇಲ್ಲೇ ಬೆಳೆಯಬಾರದೇಕೆ ಎಂಬ ಆಸೆ ನನಗೆ ಬಲವಾಗಿದೆ. ದೇಶದಲ್ಲಿ ಶಿರಾಜ್ ಧಾರಾಳ. ಗ್ರೆನಾಶ್ ವಿರಳ, ನಾಸಿಕದ ಸುಲಾ ಅದರಿಂದ ಗುಲಾಬಿ ಬಣ್ಣದ ವೈನ್ ಮಾಡಿದೆ. ನಮ್ಮ ಒಣ ಕೆಂಪು ನೆಲಕ್ಕೆ ಗ್ರೆನಾಶ್ ಮೊದಲು ಬರಲಿ. ತಲೆ ಬಿಸಿಲಲ್ಲಿರಬೇಕು, ಕಾಲು ನೀರಲ್ಲಿರಬೇಕು ಎಂದು ಪ್ರೊವಾನ್ಸ್ ಕಡೆಯ ಬೆಳೆಗಾರರು ಮೂರ್ವೆದ್ರ್ ಬಗ್ಗೆ ಹೇಳುತ್ತಾರೆ. ಕಂಪ್ಲಿ ಕಾಲುವೆಯಂಚಿನ ಭತ್ತದ ಗದ್ದೆಯನ್ನೇ ನೋಡಿ ಹೇಳಿದಂತಿದೆ ಅದು. ಆದರೆ ಗದ್ದೆಯ ನಿಂತ ನೀರು ದ್ರಾಕ್ಷಿಯ ಬೇರಿಗೆ ಆಗದು. ಇನ್ನೊಂದು ತೊಡಕು ಪಂಚಾಂಗದ್ದು. ಇಲ್ಲಿ ಬಳ್ಳಿಗೆ ಚಳಿಗಾಲದ ನಿದ್ದೆಯಿಲ್ಲ, ವರ್ಷಕ್ಕೆರಡು ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಮಾಡಬೇಕು: ಏಪ್ರಿಲ್‌ನಲ್ಲೊಮ್ಮೆ, ಅಕ್ಟೋಬರ್ ಹೊತ್ತಿಗೊಮ್ಮೆ. ಹಣ್ಣು ಫೆಬ್ರವರಿ, ಮಾರ್ಚ್‌ಗೆ ಕೊಯ್ಲು. ಮೂರ್ವೆದ್ರ್ ತಡವಾಗಿ ಮಾಗುವ ತಳಿ. ಅಕ್ಟೋಬರಿನಲ್ಲಿ ಕತ್ತರಿ ಹಾಕಿದರೆ ಮಾಗುವ ಹೊತ್ತಿಗೆ ಬೇಸಿಗೆಯ ಉರಿ ಹಿಡಿದಿರುತ್ತದೆ, ಹಣ್ಣಿನ ಹುಳಿ ಕರಗಿಹೋಗುತ್ತದೆ. ಒಂದು ತಿಂಗಳು ಮುಂಚೆ ಹಾಕೋಣವೆಂದರೆ ಬಳ್ಳಾರಿ ಸೀಮೆಗೆ ಜೋರು ಮಳೆ ಬರುವುದೇ ಸೆಪ್ಟೆಂಬರಿನಲ್ಲಿ, ಎಳೆ ಚಿಗುರಿಗೆ ಡೌನಿ ಬೂಜು ರೋಗ ಕಾಯುತ್ತಿರುತ್ತದೆ. ನೆಡುವ ರೈತರು ಎರಡು ಸಾಲು ಬೇಗ, ಎರಡು ಸಾಲು ತಡವಾಗಿ ಚಾಟ್ನಿ ಮಾಡಿ, ಎರಡರ ಹಣ್ಣನ್ನೂ ಬೇರೆ ಬೇರೆ ಹುದುಗು ಬರಿಸಿ ನೋಡಬೇಕು.