ಪಾಚಿ ಹಿಡಿದ ವಿಷ ಎಲ್ಲಿ ಹೋಗುತ್ತದೆ?

‘ಕೆರೆಯಲ್ಲಿ ಪಾಚಿ ಬೆಳೆಸಿದರೆ ಕಾರ್ಖಾನೆ ನೀರಿನ ವಿಷ ತಾನಾಗಿಯೇ ಹೋಗುತ್ತದಂತೆ, ನಿಜವೇ?’ ಎಂದು ಓದುಗರೊಬ್ಬರು ಕೇಳಿದ್ದಾರೆ. ಅರ್ಧ ನಿಜ. ಸೀಸ, ಕ್ಯಾಡ್ಮಿಯಂಗಳನ್ನು ಪಾಚಿ ಹಿಡಿಯುತ್ತದೆ, ಸಂಶಯವಿಲ್ಲ. ಆದರೆ ಲೋಹವೆಂಬುದು ಧಾತು. ಅದನ್ನು ಯಾವ ಜೀವಿಯೂ ಜೀರ್ಣಿಸಿ ಇಲ್ಲವಾಗಿಸಲಾರದು. ಪಾಚಿ ಸತ್ತು ತಳ ಸೇರಿದರೆ ಲೋಹವೂ ಕೆಸರು ಸೇರುತ್ತದೆ, ಅಷ್ಟೇ.

ಹಿಡಿಯುವ ಬಗೆ ಮಾತ್ರ ಬಲು ಸೊಗಸು. ಸಾರ್ಗಸಮ್‌ನಂಥ ಕಂದು ಕಡಲಪಾಚಿಯ ಕೋಶಭಿತ್ತಿಯಲ್ಲಿ ಆಲ್ಜಿನೇಟ್ ಎಂಬ ಅಂಟು ಪದಾರ್ಥವಿದೆ. ೧೮೮೦ರ ದಶಕದಲ್ಲಿ ಬ್ರಿಟನ್ನಿನ ರಸಾಯನತಜ್ಞ ಇ.ಸಿ.ಸಿ. ಸ್ಟ್ಯಾನ್‌ಫರ್ಡ್ ಇದನ್ನು ಬೇರ್ಪಡಿಸಿದ. ಸೋಡಿಯಂ ಆಲ್ಜಿನೇಟಿನ ದ್ರಾವಣವನ್ನು ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸಿದ ನೀರಿಗೆ ಹನಿಹನಿಯಾಗಿ ಬಿಡಿ: ಹನಿ ನೀರಿಗೆ ಬಿದ್ದೊಡನೆ ಸುತ್ತಲೂ ಪೊರೆ ಕಟ್ಟಿ ಮೆತ್ತನೆಯ ಗುಂಡುಮಣಿಯಾಗುತ್ತದೆ. ಆಲ್ಜಿನೇಟಿನ ಎಳೆಗಳು ಅಂಕುಡೊಂಕು. ಡೊಂಕಿನ ಗುಳಿಗಳಲ್ಲಿ ಋಣ ಆವೇಶದ ಕಾರ್ಬಾಕ್ಸಿಲ್ ಗುಂಪುಗಳು. ಎರಡು ಎಳೆಗಳು ಎದುರುಬದುರಾದಾಗ ಅಂಗಡಿಯ ಮೊಟ್ಟೆ ಟ್ರೇಗಳೆರಡನ್ನು ಒಂದರ ಮೇಲೊಂದು ಕವುಚಿದಂತಾಗಿ, ನಡುವಿನ ಗುಳಿಗಳಲ್ಲಿ ಕ್ಯಾಲ್ಸಿಯಂ ಕೂರುತ್ತದೆ. ೧೯೭೩ರಲ್ಲಿ ಬ್ರಿಟಿಷ್ ವಿಜ್ಞಾನಿಗಳು ಮುಂದಿಟ್ಟ ಈ ಮಾದರಿಗೆ ‘ಮೊಟ್ಟೆಪೆಟ್ಟಿಗೆ’ ಎಂದೇ ಹೆಸರು. ಸೀಸ ಬೆರೆತ ನೀರು ಹರಿದರೆ ಕ್ಯಾಲ್ಸಿಯಂ ಎದ್ದು ಹೋಗಿ ಸೀಸ ಆ ಜಾಗ ಹಿಡಿಯುತ್ತದೆ. ಇದಕ್ಕೆ ಪಾಚಿ ಬದುಕಿರಬೇಕಾಗಿಲ್ಲ. ಒಣಗಿಸಿ ಪುಡಿ ಮಾಡಿದ್ದೂ ಸಾಕು.

ಕ್ರೋಮಿಯಂ ಪ್ಲೇಟಿಂಗ್ ಘಟಕಗಳ ಕೊಳೆನೀರಿಗೆ ಈ ಲೆಕ್ಕ ಒಗ್ಗದು. ಅಲ್ಲಿನ ಕ್ರೋಮೇಟ್ ಅಯಾನಿನದೂ ಋಣ ಆವೇಶವೇ; ಗುಳಿ ಅದನ್ನು ದೂರ ತಳ್ಳುತ್ತದೆ. ನೀರು ಸಾಕಷ್ಟು ಆಮ್ಲೀಯವಾಗಿದ್ದರೆ ಪಾಚಿಯ ಸಾವಯವ ಪದಾರ್ಥ ಎಲೆಕ್ಟ್ರಾನ್ ಕೊಟ್ಟು, ಅತಿ ವಿಷಕಾರಿಯಾದ ಆರು ವೇಲೆನ್ಸಿಯ ಕ್ರೋಮಿಯಂ ಅನ್ನು ಮೂರಕ್ಕಿಳಿಸುತ್ತದೆ. ಬೇರೆಯೇ ರಸಾಯನಕ್ರಿಯೆ ಇದು. ‘ಎಲ್ಲ ವಿಷಕ್ಕೂ ಒಂದೇ ಪಾಚಿ’ ಎನ್ನುವವರನ್ನು ನಾನು ನಂಬುವುದಿಲ್ಲ.

ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಬೊಹುಮಿಲ್ ವೊಲೆಸ್ಕಿ ದಶಕಗಳ ಕಾಲ ಪಾಚಿಯಿಂದ ಲೋಹ ಹಿಡಿಯುವ ವಿದ್ಯೆಯ ಬೆನ್ನುಹತ್ತಿದರು. ಪ್ರಯೋಗಾಲಯದಲ್ಲಿ ಒಂದು ಗ್ರಾಂ ಒಣ ಸಾರ್ಗಸಮ್ ಸುಮಾರು ೧೦೦ ಮಿಲಿಗ್ರಾಂ ಕ್ಯಾಡ್ಮಿಯಂ ಹಿಡಿಯಬಲ್ಲದು. ಆದರೂ ಈ ಕೆಲಸಕ್ಕೆ ಕಾರ್ಖಾನೆಗಳು ಇಂದಿಗೂ ಪಾಚಿಗಿಂತ ಕೃತಕ ರಾಳದ ಮಣಿಗಳನ್ನೇ ಹೆಚ್ಚಾಗಿ ಕೊಳ್ಳುತ್ತವೆ. ಮಣಿಗಳ ಗುಣ ಸದಾ ಒಂದೇ. ಪಾಚಿಯದು ಋತುವಿನಿಂದ ಋತುವಿಗೆ, ಕಡಲಿನಿಂದ ಕಡಲಿಗೆ ಬೇರೆ. ನೀರು ಕುಡಿದರೆ ಪುಡಿ ಊದಿಕೊಂಡು ಕೊಳವೆ ಕಟ್ಟುತ್ತದೆ. ತುಂಬಿದ ಪಾಚಿಯನ್ನು ಆಮ್ಲದಲ್ಲಿ ತೊಳೆದರೆ ಲೋಹ ಬಿಟ್ಟುಕೊಡುತ್ತದೆ, ನಿಜ. ಆಗ ಕೈಯಲ್ಲುಳಿಯುವುದು ಮೊದಲಿಗಿಂತ ಗಟ್ಟಿಯಾದ ವಿಷದ ದ್ರಾವಣ. ಅದನ್ನೇನು ಮಾಡುವುದೆಂದು ಪಾಚಿ ಮಾರುವವರು ಮೊದಲೇ ಹೇಳಬೇಕು.

ಹಿಡಿದ ಲೋಹವನ್ನೇನು ಮಾಡುವುದೆಂಬ ಪ್ರಶ್ನೆಗೆ ನೆದರ್‌ಲೆಂಡ್ಸಿನ ಬುಡೆಲ್ ಸತು ಕಾರ್ಖಾನೆ, ಪಾಚಿಯಿಲ್ಲದೆಯೇ, ಉತ್ತರ ಕಂಡುಕೊಂಡಿದೆ. ಅಲ್ಲಿನ ಅಂತರ್ಜಲದಲ್ಲಿ ಸತುವೂ ಸಲ್ಫೇಟೂ ಸೇರಿದ್ದವು. ೧೯೯೨ರಿಂದ ಗಾಳಿಯಾಡದ ಟ್ಯಾಂಕುಗಳಲ್ಲಿ ಬ್ಯಾಕ್ಟೀರಿಯಾಗಳು ಸಲ್ಫೇಟನ್ನು ಸಲ್ಫೈಡಾಗಿಸುತ್ತಿವೆ. ಸಲ್ಫೈಡ್ ಸತುವಿನೊಡನೆ ಕೂಡಿ ಸತುವಿನ ಸಲ್ಫೈಡಾಗಿ ಗಸಿಯಂತೆ ತಳಕ್ಕಿಳಿಯುತ್ತದೆ. ಪ್ರಕೃತಿಯಲ್ಲಿ ಸತುವಿನ ಮುಖ್ಯ ಅದಿರೂ ಅದೇ ಸಂಯುಕ್ತ. ಹಾಗಾಗಿ ಗಸಿಯನ್ನು ಹೂಳಲು ಜಾಗ ಹುಡುಕುವ ಬದಲು, ಅದಿರಿನ ಜೊತೆ ಕುಲುಮೆಗೇ ಹಾಕಿ ಸತು ತೆಗೆಯುತ್ತಾರೆ.