ಹಳೆಯ ಹರಿಗೋಲನ್ನು ಕೊಳ್ಳುವಾಗ ನೋಡತಕ್ಕ ಸಮತೋಲ

ನಂದಿಬೆಟ್ಟದ ಸಾಲಿನಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿಯು ಹೊಸೂರಿನ ಬಳಿ ಕೆಲವರಪಳ್ಳಿಯ ಜಲಾಶಯದಲ್ಲಿ ಒಮ್ಮೆ ನಿಂತು, ಮುಂದೆ ಕೃಷ್ಣಗಿರಿಯ ಜಲಾಶಯದಲ್ಲಿ ಮತ್ತೊಮ್ಮೆ ನಿಲ್ಲುತ್ತದೆ. ಕೃಷ್ಣಗಿರಿಯ ಅಣೆಕಟ್ಟು ಕಾಮರಾಜರು ಮುಖ್ಯಮಂತ್ರಿಗಳಾಗಿದ್ದಾಗ, 1950ರ ದಶಕದಲ್ಲಿ ಕಟ್ಟಿದ್ದು. ಈ ನೀರುಗಳಲ್ಲಿ ಮೀನು ಹಿಡಿಯುವವರ ಮುಖ್ಯ ಸಾಧನ ಹರಿಗೋಲು. ತುಂಗಭದ್ರೆಯ ಕಡೆ ಹರಿಗೋಲೆನ್ನುವುದನ್ನೇ ಕಾವೇರಿಯ ಕಡೆ ತೆಪ್ಪವೆನ್ನುವುದುಂಟು. ನಮ್ಮ ತಮಿಳು ನೆರೆಹೊರೆಯವರು ಪರಿಸಲ್ ಎನ್ನುತ್ತಾರೆ. ಹೆಸರು ಮೂರಾದರೂ ವಸ್ತು ಒಂದೇ: ಬಿದಿರಿನ ಸೀಳುಗಳಿಂದ ಹೆಣೆದ, ಹೊರಗೆ ನೀರು ಹಿಡಿಯದ ಹೊದಿಕೆಯುಳ್ಳ ದೊಡ್ಡ ದುಂಡು ಬುಟ್ಟಿ.

ಇದು ಬಹಳ ಹಳೆಯದು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸರ ಡೊಮಿಂಗೊ ಪಾಯೆಸನು, ಆನೆಗೊಂದಿಯ ಬಳಿ ಜನರು ಬುಟ್ಟಿಯಂತಹ, ಹೊರಗೆ ಚರ್ಮ ಹೊದಿಸಿದ ದುಂಡು ದೋಣಿಗಳಲ್ಲಿ ಹೊಳೆ ದಾಟುತ್ತಿದ್ದುದನ್ನೂ, ಅವು ತಿರುಗುತ್ತ ತಿರುಗುತ್ತಲೇ ಸಾಗುತ್ತಿದ್ದುದನ್ನೂ ಬರೆದಿಟ್ಟಿದ್ದಾನೆ. ಚರ್ಮದ ಕಾಲ ಹೋಯಿತು. ಈಗ ಪ್ಲಾಸ್ಟಿಕ್ ಹಾಳೆಯನ್ನೋ ಚೀಲದ ಬಟ್ಟೆಯನ್ನೋ ಹೊದಿಸಿ ಡಾಂಬರು ಬಳಿಯುತ್ತಾರೆ; ಫೈಬರಿನವೂ ಬಂದಿವೆ.

ನಮ್ಮ ಸುತ್ತಿನ ನೀರುಗಳಲ್ಲಿ ಮೀನು ಹಿಡಿದು ಬಾಳುವ ಸಂಸಾರಗಳು ಹೊಸ ಹರಿಗೋಲಿಗೆ ಹಣ ಸಾಲದೆ ಹಳೆಯದನ್ನು ಕೊಳ್ಳುವುದು ಸಾಮಾನ್ಯ. ಕೊಳ್ಳುವಾಗ ಮೊದಲು ಕೇಳುವುದು ಬೆಲೆಯನ್ನು. ಅನಂತರ ತೂತಿದೆಯೇ ಎಂದು. ಎರಡೂ ಸರಿಯೇ. ಆದರೆ ಜೀವಕ್ಕೆ ಸಂಬಂಧಿಸಿದ ಮೂರನೆಯ ಪ್ರಶ್ನೆಯೊಂದುಂಟು: ಭಾರ ಹೊತ್ತಾಗ ಇದು ಸಮವಾಗಿ ನಿಲ್ಲುತ್ತದೆಯೇ? ಹೊಗೇನಕಲ್ಲಿನಂತಹ ಸ್ಥಳದಲ್ಲಿ ಹರಿಗೋಲು ಮಗುಚಿ ಜನರು ಸತ್ತದ್ದುಂಟು. ಅಂತಹ ಸುದ್ದಿ ಬಂದಾಗಲೆಲ್ಲ ನಾವು ನೀರಿನ ಸೆಳೆತವನ್ನು ದೂರುತ್ತೇವೆ. ಒಳಗಿದ್ದವರು ಎಲ್ಲಿ ಕುಳಿತಿದ್ದರೆಂದು ಕೇಳುವವರು ಕಡಮೆ.

ವಿದ್ಯಾರ್ಥಿಗಳು ಆರ್ಕಿಮಿಡೀಸನ ತತ್ತ್ವವನ್ನು ಓದಿದ್ದಾರೆ. ತೇಲುವ ವಸ್ತುವು ತನ್ನ ತೂಕದಷ್ಟೇ ನೀರನ್ನು ಪಕ್ಕಕ್ಕೆ ಸರಿಸುತ್ತದೆ. ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಈ ವಾಕ್ಯವನ್ನು ಒಂದು ಹರಿಗೋಲಿಗೆ ಅನ್ವಯಿಸಿ ನೋಡೋಣ. ತಳದ ವ್ಯಾಸ 2 ಮೀಟರು ಎಂದಿಟ್ಟುಕೊಳ್ಳೋಣ. ತಳದ ಅಂಚು ಸ್ವಲ್ಪ ದುಂಡಗಿದ್ದರೂ ಲೆಕ್ಕಕ್ಕೆ ಚಪ್ಪಟೆಯೆಂದೇ ಭಾವಿಸಬಹುದು. ಆಗ ತಳದ ವಿಸ್ತಾರ 3.14 ಚದರ ಮೀಟರು. ಅದು 1 ಸೆಂಟಿಮೀಟರು ಮುಳುಗಿದರೆ ಸರಿಯುವ ನೀರು 31.4 ಲೀಟರು, ಅಂದರೆ 31.4 ಕಿಲೋಗ್ರಾಂ. ಹರಿಗೋಲು, ಜನ, ಬಲೆ ಎಲ್ಲ ಸೇರಿ 250 ಕಿಲೋಗ್ರಾಂ ಇದ್ದರೆ ಮುಳುಗುವುದು ಸುಮಾರು 8 ಸೆಂಟಿಮೀಟರು ಮಾತ್ರ. ಒಂದು ಗೇಣೂ ಇಲ್ಲದ ನೀರಿನಲ್ಲಿ ಅದು ತೇಲುತ್ತದೆ. ಬೇಸಿಗೆಯಲ್ಲಿ ಜಲಾಶಯ ಇಳಿದು ಬಂಡೆಗಳು ತಲೆಯೆತ್ತಿದಾಗಲೂ ನಮ್ಮ ಬೆಸ್ತರು ದಡದ ತನಕ ಬರಬಲ್ಲರೆಂಬುದಕ್ಕೆ ಇದೇ ಕಾರಣ.

ಆದರೆ ಈ 8 ಸೆಂಟಿಮೀಟರಿನ ಲೆಕ್ಕವು ಭಾರವೆಲ್ಲ ನಡುವಿನಲ್ಲಿರುವ ತನಕ ಮಾತ್ರ ನಿಜ. 60 ಕಿಲೋಗ್ರಾಂ ತೂಕದ ಒಬ್ಬನು ನಡುವಿನಿಂದ ಎದ್ದು 80 ಸೆಂಟಿಮೀಟರು ಸರಿದು ಅಂಚಿಗೆ ಹೋದನೆನ್ನೋಣ. ಒಟ್ಟು ತೂಕ ಒಂದು ತೊಲವೂ ಹೆಚ್ಚಲಿಲ್ಲ. ಆದರೂ ಆ ಅಂಚು ಸುಮಾರು 7 ಸೆಂಟಿಮೀಟರು ಕೆಳಗಿಳಿದು, ಎದುರಂಚು ಅಷ್ಟೇ ಮೇಲೇಳುತ್ತದೆ. ಈಗ ತಳದ ಒಂದು ಕಡೆ ನೀರಿನಲ್ಲಿ 15 ಸೆಂಟಿಮೀಟರು, ಇನ್ನೊಂದು ಕಡೆ 1 ಸೆಂಟಿಮೀಟರು. 8 ಸೆಂಟಿಮೀಟರಿಗಿಂತ ಕೆಳಗಿದ್ದು ತಗಲದಿದ್ದ ಕಲ್ಲು ಈಗ ತಳವನ್ನು ಕೀಳುತ್ತದೆ. ಆಳವಿಲ್ಲದ ನೀರಿನಲ್ಲಿ ಓರೆಯಾದ ಹರಿಗೋಲೆಂದರೆ ಹೆಚ್ಚು ಭಾರ ಹೇರಿದ ಹರಿಗೋಲಿಗೆ ಸಮಾನ.

ಇದಕ್ಕಿಂತ ಮುಖ್ಯವಾದುದು ಇನ್ನೊಂದು. ಓರೆಯಾದ ಹರಿಗೋಲು ಮತ್ತೆ ನೆಟ್ಟಗಾಗುವುದು ಹೇಗೆ? ತಗ್ಗಾದ ಕಡೆ ತಳವು ಆಳಕ್ಕೆ ಹೋಗುವುದರಿಂದ ನೀರು ಅಲ್ಲಿ ಹೆಚ್ಚು ಬಲದಿಂದ ಮೇಲಕ್ಕೊತ್ತುತ್ತದೆ. ಎತ್ತರವಾದ ಕಡೆ ಕಡಮೆ. ಈ ವ್ಯತ್ಯಾಸವೇ ಅದನ್ನು ಎತ್ತಿ ನಿಲ್ಲಿಸುವ ಶಕ್ತಿ. ಒಬ್ಬನ ಜೊತೆಗೆ ಇನ್ನೊಬ್ಬನೂ ಅದೇ ಅಂಚಿಗೆ ಹೋದರೆ ಎದುರಿನ ತಳವು ನೀರನ್ನು ಬಿಟ್ಟು ಮೇಲೇಳುತ್ತದೆ. ಗಾಳಿಯಲ್ಲಿರುವ ತಳಕ್ಕೆ ನೀರಿನ ಆಸರೆಯಿಲ್ಲ. ಆಸರೆಯ ಅಗಲವೇ ಕುಗ್ಗಿತು. ಅಲ್ಲಿಂದ ಮುಂದೆ ಹರಿಗೋಲು ಸ್ವಲ್ಪಸ್ವಲ್ಪವಾಗಿ ವಾಲುವುದಿಲ್ಲ, ಒಮ್ಮೆಗೇ ವಾಲುತ್ತದೆ. ಮಕ್ಕಳು ಮನೆಯಲ್ಲಿ ಅಗಲವಾದ ತಟ್ಟೆಯೊಂದನ್ನು ನೀರಿನ ಮೇಲೆ ತೇಲಿಬಿಟ್ಟು, ಹುಣಿಸೆಬೀಜಗಳನ್ನು ಒಂದೊಂದಾಗಿ ಅಂಚಿನತ್ತ ಸರಿಸಿ ನೋಡಲಿ. ಯಾವ ಬೀಜದಿಂದ ತಟ್ಟೆ ಮುಳುಗುವುದೆಂದು ಮೊದಲೇ ಹೇಳಬಲ್ಲವರು ವಿರಳ.

ಈಗ ಕೊಳ್ಳುವ ವಿಷಯ. ಮಾರುವವನು ಹರಿಗೋಲನ್ನು ದಡದಲ್ಲಿ ಬೋರಲು ಹಾಕಿ ತೋರಿಸುವುದು ವಾಡಿಕೆ. ಹೊಸದಾಗಿ ಬಳಿದ ಡಾಂಬರು ಮಿರಮಿರನೆ ಹೊಳೆಯುತ್ತಿರುತ್ತದೆ. ಆ ಹೊಳಪಿಗೆ ಮರುಳಾಗದೆ ಒಂದು ದಾರವನ್ನು ತೆಗೆದುಕೊಂಡು ವ್ಯಾಸವನ್ನು ಎರಡು ಮೂರು ಕಡೆ ಅಳೆಯತಕ್ಕದ್ದು. ಬಹುಕಾಲ ಗೋಡೆಗೆ ಒರಗಿಸಿ ನಿಲ್ಲಿಸಿದ ಹರಿಗೋಲು ತನ್ನ ದುಂಡನ್ನು ಕಳೆದುಕೊಂಡು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಒಂದು ಕಡೆ 2.2 ಮೀಟರು, ಅಡ್ಡಲಾಗಿ 1.8 ಮೀಟರು ಇದ್ದರೆ, ತಳದ ವಿಸ್ತಾರ ಹೆಚ್ಚು ಕಡಮೆ ಮೊದಲಿನಷ್ಟೇ, ಮುಳುಗುವುದೂ ಅಷ್ಟೇ. ಆದರೆ ಕಿರಿದಾದ ಕಡೆಗೆ ವಾಲಿದಾಗ ನೀರು ಅದನ್ನು ಎತ್ತಿ ನಿಲ್ಲಿಸುವ ಶಕ್ತಿಯಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಹೋಯಿತು. ಕಣ್ಣಿಗೆ ಇದು ಕಾಣುವುದಿಲ್ಲ, ದಾರಕ್ಕೆ ಕಾಣುತ್ತದೆ.

ಬಳಿಕ ಅದನ್ನು ಗಾಳಿಯಿಲ್ಲದ ಹೊತ್ತಿನಲ್ಲಿ ನೀರಿಗೆ ಬಿಡಿಸಬೇಕು. ಮಾರುವವನು ಒಪ್ಪದಿದ್ದರೆ ವ್ಯಾಪಾರವನ್ನು ಅಲ್ಲಿಗೇ ಬಿಡುವುದು ಒಳ್ಳೆಯದು. ಬರಿದಾಗಿ ತೇಲುವಾಗ ಅಂಚಿನಿಂದ ನೀರಿನವರೆಗಿನ ಎತ್ತರವನ್ನು ನಾಲ್ಕು ಕಡೆ ಕೋಲಿನಿಂದ ಅಳೆದರೆ ನಾಲ್ಕೂ ಸಮವಾಗಿರಬೇಕು. ಒಂದು ಕಡೆ ತಗ್ಗಿದ್ದರೆ ಅಲ್ಲಿಗೊಂದು ಸೀಮೆಸುಣ್ಣದ ಗುರುತು ಹಾಕಿ ಹರಿಗೋಲನ್ನು ಅರ್ಧ ಸುತ್ತು ತಿರುಗಿಸಿ. ಗುರುತಿನ ಕಡೆಯೇ ಮತ್ತೆ ತಗ್ಗಿದರೆ ದೋಷ ಹರಿಗೋಲಿನದು. ಗುರುತು ಮೇಲೆದ್ದು ಬೇರೆ ಕಡೆ ತಗ್ಗಿದರೆ ಕಟ್ಟಿದ ಹಗ್ಗವೋ ಗಾಳಿಯೋ ಎಳೆಯುತ್ತಿದೆ. ದೋಷವು ಸಾಮಾನ್ಯವಾಗಿ ಹಳೆಯ ತೇಪೆಗಳಿಂದ ಬರುತ್ತದೆ. ಸೋರಿದಲ್ಲೇ ಮತ್ತೆ ಮತ್ತೆ ಹಾಳೆಯಿಟ್ಟು ಡಾಂಬರು ಬಳಿದು ಒಂದು ಪಕ್ಕವೇ ಭಾರವಾಗಿರುತ್ತದೆ. ಅಥವಾ ಅಲ್ಲಿನ ಬಿದಿರು ನೀರು ಕುಡಿದು ಕೊಳೆತಿರುತ್ತದೆ. ಮೊದಲನೆಯದಕ್ಕೆ ಹೊದಿಕೆಯನ್ನು ಬದಲಾಯಿಸಿದರೆ ಸಾಕು. ಎರಡನೆಯದಕ್ಕೆ ಪರಿಹಾರವಿಲ್ಲ, ಏಕೆಂದರೆ ಹೆಣಿಗೆಯೇ ಹರಿಗೋಲು. ಹೊದಿಕೆ ಅದಕ್ಕೆ ಉಡುಪು ಮಾತ್ರ. ಆದುದರಿಂದ ಹೊದಿಕೆ ಹರಿದು ಹೆಣಿಗೆ ಗಟ್ಟಿಯಾಗಿರುವ ಹರಿಗೋಲನ್ನು, ಹೊದಿಕೆ ಹೊಸದಾಗಿ ಹೆಣಿಗೆ ಸಡಿಲವಾದುದಕ್ಕಿಂತ ಮೇಲೆಂದು ನಾವು ಎಣಿಸುತ್ತೇವೆ.

ಅರ್ಧ ಗಂಟೆ ನೀರಿನಲ್ಲಿ ಬಿಟ್ಟು ಒಳಗೆ ನೋಡಿ. ಸ್ವಲ್ಪ ಜಿನುಗು ಇದ್ದರೇನು, ಮೊಗೆದು ಹಾಕಿದರಾಯಿತು ಎನ್ನುವವರಿದ್ದಾರೆ. ತಳದ ತುಂಬ 2 ಸೆಂಟಿಮೀಟರು ನೀರು ನಿಂತರೆ ಅದು ಸುಮಾರು 63 ಕಿಲೋಗ್ರಾಂ, ಎಂದರೆ ಒಬ್ಬ ಆಳಿನ ತೂಕ. ಈ ಆಳು ನಾವು ಹೇಳಿದಲ್ಲಿ ಕುಳಿತುಕೊಳ್ಳುವವನಲ್ಲ. ಹರಿಗೋಲು ಯಾವ ಕಡೆ ವಾಲಿತೋ ಆ ಕಡೆಗೇ ಓಡಿ ಇನ್ನಷ್ಟು ವಾಲಿಸುತ್ತಾನೆ. ತಳವು ಜೋತುಬಿದ್ದಿದ್ದರೆ ನೀರು ನಡುವಿನ ತಗ್ಗಿನಲ್ಲಿ ಸೇರುತ್ತದೆ, ಅದೇನೋ ವಾಸಿ. ಆದರೆ ಜೋತ ತಳವು ಬುಗುರಿಯಂತೆ ಹೊರಳಾಡುತ್ತದೆ, ಕಲ್ಲಿಗೂ ಮೊದಲು ತಗಲುತ್ತದೆ.

ಕೊನೆಗೆ ಭಾರ ಹೇರಿ ನೋಡಬೇಕು. ಉದ್ದವಾದ ದೋಣಿಗೆ ಮುಂದು ಹಿಂದು ಎಂಬುದುಂಟು. ಹಿಂದೆ ಭಾರ ಹೆಚ್ಚಾದರೆ ಮೂತಿ ಮೇಲೇಳುತ್ತದೆಂದು ಎಲ್ಲರೂ ಕಂಡುಕೊಳ್ಳುತ್ತಾರೆ. ಹರಿಗೋಲಿಗೆ ಮುಂದೂ ಇಲ್ಲ ಹಿಂದೂ ಇಲ್ಲ. ಹುಟ್ಟು ಹಾಕುವವನು ಯಾವ ಅಂಚಿನಲ್ಲಿ ಕುಳಿತು ನೀರನ್ನು ತನ್ನತ್ತ ಎಳೆದುಕೊಳ್ಳುತ್ತಾನೋ ಅದೇ ಅದರ ಮುಂದು. ಅಂದ ಮೇಲೆ ಒಬ್ಬನ ಭಾರ ಸದಾ ಅಂಚಿನಲ್ಲಿ ಇದ್ದೇ ಇರುತ್ತದೆ. ಅದಕ್ಕೆ ಸರಿತೂಗುವಷ್ಟು ಎದುರು ಬದಿಯಲ್ಲಿರಬೇಕು. ಜೊತೆಗಾರನನ್ನೂ ಬಲೆಯನ್ನೂ ಅಲ್ಲಿರಿಸಿ, ಮೀನಿನ ಬುಟ್ಟಿಗೆ ನಡುವಣ ಜಾಗವನ್ನು ಬಿಟ್ಟು, ನಾಲ್ಕು ಕಡೆಯ ಎತ್ತರವನ್ನು ಮತ್ತೊಮ್ಮೆ ಅಳೆಯಲಿ. ಬಲೆಯೆಳೆಯುವವನು ಒಂದು ಅಂಚಿಗೆ ಬಾಗಿದಾಗ ಎದುರಿನ ತಳ ನೀರಿನಲ್ಲೇ ಉಳಿಯುತ್ತದೆಯೇ ಎಂಬುದನ್ನು ದಡದಲ್ಲಿ ನಿಂತ ಮೂರನೆಯವನು ನೋಡಬೇಕು. ಒಳಗಿದ್ದವರಿಗೆ ಅದು ತಿಳಿಯದು. ನಿಂತುಕೊಂಡು ಎಳೆಯುವವನು ಕಾಲು ಜಾರಿದೊಡನೆ ತನ್ನ ಭಾರವನ್ನೆಲ್ಲ ಒಮ್ಮೆಗೇ ಅಂಚಿಗೆ ಕೊಟ್ಟುಬಿಡುತ್ತಾನಾದ್ದರಿಂದ ಈ ಪರೀಕ್ಷೆಯನ್ನು ಮಂಡಿಯೂರಿಯೇ ಮಾಡತಕ್ಕದ್ದು. ಸೊಂಟದ ಮಟ್ಟದ ನೀರಿನಲ್ಲಿ ಮಾಡಿದರೆ, ಮಗುಚಿದರೂ ಬಟ್ಟೆ ಒದ್ದೆಯಾಗುವುದಷ್ಟೇ.

ಎಲ್ಲವೂ ಸರಿಯೆಂದು ಕಂಡು ಕೊಂಡ ಮೇಲೆ, ಮನೆಯವರು ಒಟ್ಟಿಗೆ ಕುಳಿತಾಗ ನೀರು ಮುಟ್ಟುವ ಗೆರೆಯನ್ನು ಹೊರಗಡೆ ನಾಲ್ಕು ಕಡೆಯಲ್ಲಿಯೂ ಬಿಳಿಯ ಬಣ್ಣದಿಂದ ಬರೆದಿಡಬಹುದು. ಮುಂದೆ ಯಾವಾಗಲಾದರೂ ಒಂದು ಗೆರೆ ಮುಳುಗಿ ಅದರ ಎದುರಿನದು ಮೇಲೆ ಕಂಡರೆ, ದಡದಲ್ಲಿರುವ ಚಿಕ್ಕ ಹುಡುಗನೂ ಕೂಗಿ ಹೇಳಬಲ್ಲನು.