ಎಡಗಾಲಿನ ವಿದ್ಯೆ

ದಿವಾದ ನಮ್ಮ ವಾಚನಾಲಯಕ್ಕೆ ಬರುವ ತರುಣರಲ್ಲಿ ಕೆಲವರು ಮೋಟಾರು ನಡೆಸಲು ಕಲಿಯಹೊರಟಿದ್ದಾರೆ. ಕ್ಲಚ್ಚಿನ ತಾಪತ್ರಯವಿಲ್ಲದ ಆಟೊಮ್ಯಾಟಿಕ್ ಗಾಡಿಯಲ್ಲೇ ಕಲಿತರೆ ಸಾಲದೆ ಎಂದು ಕೇಳುತ್ತಾರೆ. ಹೊಟ್ಟೆಪಾಡಿಗೆ ಕಲಿಯುವವರಿಗೆ ಸಾಲದು ಎಂದೇ ನಮ್ಮ ಅಭಿಪ್ರಾಯ.

ಕಾಯಿದೆ ಅಡ್ಡಬರುವುದಿಲ್ಲ, ನಿಜ. 1988ರ ಮೋಟಾರು ವಾಹನ ಕಾಯಿದೆಯು ಗೇರ್ ಇರುವ ಮತ್ತು ಇಲ್ಲದ ಮೋಟಾರ್ ಸೈಕಲ್ಲುಗಳನ್ನು ಬೇರೆ ಬೇರೆ ವರ್ಗ ಮಾಡಿದೆ. ಕಾರಿಗೆ ಆ ಭೇದವಿಲ್ಲ. ಬ್ರಿಟನ್ನಿನಲ್ಲಾದರೆ ಆಟೊಮ್ಯಾಟಿಕ್ಕಿನಲ್ಲಿ ಪರೀಕ್ಷೆ ಕೊಟ್ಟವನು ಗೇರ್ ಕಾರನ್ನು ಒಬ್ಬನೇ ನಡೆಸುವಂತಿಲ್ಲ. ನಮ್ಮಲ್ಲಿ ಅಧಿಕಾರ ಸಿಗುತ್ತದೆ, ವಿದ್ಯೆ ಸಿಗುವುದಿಲ್ಲ. ನಮ್ಮವರೊಬ್ಬರು ಲೈಸೆನ್ಸ್ ಜೇಬಿನಲ್ಲಿಟ್ಟುಕೊಂಡು ಕೆಲಸಕ್ಕೆ ಹೋಗಿ, ಧಣಿಯ ಟೆಂಪೋವನ್ನು ಮೂರು ಸಲ ಬಂದ್ ಬೀಳಿಸಿ, ಬರಿಗೈಯಲ್ಲಿ ಮರಳಿದರು.

ಹಳೆಯ ಗಿರಣಿಗಳಲ್ಲಿ ಮೇಲಿನ ಉದ್ದ ದಂಡ ಸದಾ ತಿರುಗುತ್ತಿತ್ತು. ಮಗ್ಗ ನಿಲ್ಲಿಸಬೇಕಾದರೆ ಪಟ್ಟಿಯನ್ನು ಸಡಿಲ ಗಾಲಿಗೆ ಸರಿಸುತ್ತಿದ್ದರು. ಕ್ಲಚ್ಚಿನ ಕೆಲಸವೂ ಅದೇ. ತುಳಿದಾಗ ಎಂಜಿನ್ ಬೇರೆ, ಚಕ್ರ ಬೇರೆ. ಮೆಲ್ಲನೆ ಬಿಟ್ಟರೆ ಒಳಗಿನ ತಟ್ಟೆಗಳು ಉಜ್ಜಿಕೊಳ್ಳುತ್ತ ಒಂದಾಗುತ್ತವೆ. ಥಟ್ಟನೆ ಬಿಟ್ಟರೆ ಗಾಡಿ ಜಿಗಿದು ನಿಲ್ಲುತ್ತದೆ. ಏರಿನಲ್ಲಿ ಹ್ಯಾಂಡ್ ಬ್ರೇಕ್ ಹಾಕಿಕೊಂಡು, ಸ್ವಲ್ಪ ಆಕ್ಸಿಲೇಟರ್ ಕೊಟ್ಟು, ಕ್ಲಚ್ ಬಿಡುತ್ತ ಎಂಜಿನ್ನಿನ ದನಿ ತಗ್ಗಿದಾಗ ಬ್ರೇಕ್ ಇಳಿಸಬೇಕು. ಶಿಳಫಾಟಾದ ವಾಹನಸಾಲಿನಲ್ಲಿ ಅರ್ಧ ತುಳಿದೇ ಕೂತರೆ ತಟ್ಟೆ ಸವೆದು ಸುಟ್ಟ ವಾಸನೆ ಬರುತ್ತದೆ. ಖರ್ಚು ಧಣಿಗೆ, ಬೈಗುಳ ಚಾಲಕನಿಗೆ!

2014ರಲ್ಲಿ ಮಾರುತಿ ಸೆಲೆರಿಯೊ ತಂದ ಅಗ್ಗದ ಆಟೊಮ್ಯಾಟಿಕ್ಕಿನಲ್ಲೂ ಕ್ಲಚ್ ಇದ್ದೇ ಇದೆ. ಕಾಲಿನ ಬದಲು ಯಂತ್ರ ಅದನ್ನು ಒತ್ತುತ್ತದೆ, ಅಷ್ಟೇ.

ಡ್ರೈವಿಂಗ್ ಶಾಲೆಗೆ ಹಣ ಕಟ್ಟುವ ಮೊದಲು, ಕಲಿಸುವುದು ಯಾವ ಗಾಡಿಯಲ್ಲೆಂದು ಕೇಳಿಕೊಳ್ಳಿರಿ.